ಯಾರ ಮಗಾ ನೀ?

ಐಟಿಐ ಫಿಟ್ಟರ್ ಪಾಸಾದ ಹುಡುಗರಿಗೆ ತೊಂಬತ್ತರ ದಶಕದ ಹುಬ್ಬಳ್ಳಿಯಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ರೇಲ್ವೆ ವರ್ಕ್‌ಶಾಪಿನ ಗೇಟು. ಅದು ತೆರೆಯದಿದ್ದರೆ ಗೋಕುಲ ರಸ್ತೆಯ ಕಾರ್ಖಾನೆಗಳು, ಅಲ್ಲೂ ಆಗದಿದ್ದರೆ ಪುಣೆ. ನನ್ನ ಜೊತೆಯವರು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಚೆದುರಿಹೋದರು. ನಾನು ಕೀಲಿ ಕೆಲಸ ಕಲಿಯುತ್ತೇನೆ ಎಂದಾಗ ಅಣ್ಣ ಉಣ್ಣುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಎರಡು ವರ್ಷ ಫಿಟ್ಟರ್ ಕಲ್ತು ಛತ್ರಿ ಕೆಳಗ ಕುಂದರಾಕ ಹೊಂಟೀಯೇನು?" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಕೀಲಿ ಕೆಲಸದವರೆಂದರೆ ನಮ್ಮೂರಲ್ಲಿ ಹಳೆ ಬಸ್ ಸ್ಟ್ಯಾಂಡಿನ ಹತ್ತಿರ, ದುರ್ಗದ ಬೈಲಿನ ಅಂಚಿನಲ್ಲಿ ಕಪ್ಪು ಛತ್ರಿ ಊರಿ, ಹಳೆಯ ಕೀಲಿಕೈಗಳನ್ನು ತಂತಿಗೆ ಪೋಣಿಸಿ ನೇತುಹಾಕಿ ಕೂತವರೇ. ಅವರಿಗೆ ಬೋರ್ಡಿಲ್ಲ, ರಸೀದಿ ಇಲ್ಲ, ಮಳೆ ಬಂದರೆ ಜಾಗವೂ ಇಲ್ಲ.

ಆಸೆ ಹುಟ್ಟಿದ್ದು ಐಟಿಐಯಲ್ಲೇ. ಟೂಲ್ ರೂಮಿನ ನವ್‌ತಾಲ್ ಕೀಲಿ ಒಮ್ಮೆ ಜಾಮ್ ಆಯಿತು. ನಮ್ಮ ಇನ್‌ಸ್ಟ್ರಕ್ಟರ್ ಅದರ ಕೊಂಡಿ ಕೊಯ್ಯಿಸಿ, ವೈಸಿಗೆ ಕಚ್ಚಿಸಿ ಹೊಟ್ಟೆ ಬಿಚ್ಚಿದರು. ಒಳಗೆ ಒಂದರ ಮೇಲೊಂದು ತೆಳ್ಳನೆಯ ಲಿವರುಗಳು. ಪ್ರತಿಯೊಂದರಲ್ಲೂ ಒಂದು ಕಚ್ಚು, ಆ ಕಚ್ಚುಗಳೆಲ್ಲ ಬೇರೆ ಬೇರೆ ಎತ್ತರದಲ್ಲಿ. ಸರಿಯಾದ ಕೀಲಿಕೈ ಒಂದೊಂದು ಲಿವರನ್ನೂ ಅದಕ್ಕೆ ಬೇಕಾದಷ್ಟೇ ಎತ್ತುತ್ತದೆ. ಎಲ್ಲ ಕಚ್ಚುಗಳೂ ಒಂದೇ ಸಾಲಿಗೆ ಬಂದಾಗ ಬೋಲ್ಟಿನ ಮೊಳೆ ಅವುಗಳೊಳಗೆ ಸರಿದು ಕೀಲಿ ಬಿಡುತ್ತದೆ. ಒಂದೇ ಒಂದು ಲಿವರ್ ಕಡಿಮೆ ಎದ್ದರೂ ಬಿಡುವುದಿಲ್ಲ, ಹೆಚ್ಚು ಎದ್ದರೂ ಬಿಡುವುದಿಲ್ಲ. ಅಲ್ಲಿಯವರೆಗೆ ನಾವು ಮಾಡುತ್ತಿದ್ದದ್ದು ಒಂದೇ ಕೆಲಸ: ಕಬ್ಬಿಣದ ತುಂಡನ್ನು ಅರದಿಂದ ಉಜ್ಜುವುದು, ಅದಕ್ಕೆ ಟ್ರೈ ಸ್ಕ್ವೇರ್ ತಾಗಿಸಿ ಕಿಟಕಿಗೆ ಹಿಡಿಯುವುದು, ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜುವುದು. ಯಾತಕ್ಕೆ ಎಂದು ಯಾರೂ ಹೇಳಿರಲಿಲ್ಲ. ಆ ಕೀಲಿ ನೋಡಿದ ಮೇಲೆ ಯಾರೂ ಹೇಳುವ ಅಗತ್ಯ ಉಳಿಯಲಿಲ್ಲ.

ಆದರೆ ಕಲಿಯುವುದೆಲ್ಲಿ? ನಮ್ಮ ಐಟಿಐಯಲ್ಲಿ ಫಿಟ್ಟರ್, ಟರ್ನರ್, ಎಲೆಕ್ಟ್ರಿಶಿಯನ್, ವೆಲ್ಡರ್ ಇದ್ದವು. ಕೀಲಿಗೆ ಟ್ರೇಡ್ ಇರಲಿಲ್ಲ. ಪರಿಚಯದವರೊಬ್ಬರು ಇಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿದ್ದರು. ಅವರ ಕೃಪೆಯಿಂದ ಹಳೆಯ 'ಪಾಪ್ಯುಲರ್ ಮೆಕ್ಯಾನಿಕ್ಸ್' ಸಂಚಿಕೆಗಳ ಕೊನೆಯ ಪುಟಗಳನ್ನು ತಿರುವಿದೆ. ಮನೆಯಲ್ಲೇ ಕೂತು ಅಂಚೆಯ ಮೂಲಕ ಲಾಕ್‌ಸ್ಮಿತ್ ಆಗಿ ಎಂಬ ಜಾಹೀರಾತುಗಳು ಅಲ್ಲಿ ಸಾಲುಸಾಲು. ಫೀ ಡಾಲರಿನಲ್ಲಿ. ಆ ಲೆಕ್ಕ ಅಲ್ಲಿಗೇ ಮುಗಿಯಿತು. ಲಾರಿಯ ಮೇಲೆ ಉತ್ತರದೇಶ ಸುತ್ತಿದ ಸೋದರಮಾವ ಅಲೀಗಢಕ್ಕೆ ಹೋಗು ಎಂದ. ಊರಿಗೆ ಊರೇ ಕೀಲಿ ಮಾಡುವ ಜಾಗ ಅದು. ಆದರೆ ಅಲ್ಲಿ ಒಬ್ಬರ ಮನೆಯಲ್ಲಿ ಎರಕ, ಇನ್ನೊಬ್ಬರಲ್ಲಿ ಲಿವರ್, ಮತ್ತೊಬ್ಬರಲ್ಲಿ ಪಾಲಿಶ್ ಎಂದು ಕೆಲಸ ಹರಿದು ಹಂಚಿಹೋಗಿರುತ್ತದೆ. ಕೀಲಿ ಹುಟ್ಟಿಸುವುದು ಒಂದು ವಿದ್ಯೆ, ಹುಟ್ಟಿದ ಕೀಲಿ ಹಟ ಹಿಡಿದಾಗ ಅದನ್ನು ಒಲಿಸುವುದು ಬೇರೆಯೇ ವಿದ್ಯೆ. ನನಗೆ ಬೇಕಾದದ್ದು ಎರಡನೆಯದು.

ಅಷ್ಟರಲ್ಲಿ ಪೇಪರಿನಲ್ಲಿ ಒಂದು ಜಾಹೀರಾತು ಕಂಡಿತು. ದೊಡ್ಡ ಊರೊಂದರಲ್ಲಿ ಒಂದು ವಾರದ ಕೋರ್ಸ್, ಟೂಲ್ ಕಿಟ್ ಉಚಿತ, ಕೊನೆಗೆ ಸರ್ಟಿಫಿಕೇಟ್. ಅವ್ವನ ಹತ್ತಿರ ಬಸ್ ಚಾರ್ಜು ಇಸಿದುಕೊಂಡು ನೋಡಲು ಹೋದೆ. ಮಹಡಿಯ ಮೇಲೆ ಒಂದು ಕೋಣೆ. ಗೋಡೆಗೆ ಹೊಳೆಯುವ ಕೀಲಿಗಳ ಹಲಗೆ. ಮೇಜಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕೀಲಿ ಇತ್ತು, ಒಳಗಿನ ಪಿನ್ನುಗಳು ಕಾಣುವಂಥದ್ದು. ಅಲ್ಲಿದ್ದ ಯುವಕ ಒಂದು ತಂತಿ ತೂರಿಸಿ ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ತೆಗೆದ. ನನ್ನ ಕೈಗೆ ಕೊಟ್ಟ, ನಾನೂ ತೆಗೆದೆ. ಸಂತೋಷವಾಗಬೇಕಿತ್ತು, ಅನುಮಾನ ಬಂತು. ನಿಜವಾದ ಸಿಲಿಂಡರ್ ಕೀಲಿಯಲ್ಲಿ ಪಿನ್ನಿಗೂ ಅದು ಕೂತ ತೂತಿಗೂ ನಡುವೆ ಇರುವ ಜಾಗ ಮಿಲಿಮೀಟರಿನ ನೂರರ ಭಾಗಗಳ ಲೆಕ್ಕದ್ದು. ಆ ಪ್ಲಾಸ್ಟಿಕ್ ಆಟಿಕೆಯಲ್ಲಿ ಪಿನ್ನುಗಳು ಗಲಗಲ ಅನ್ನುತ್ತಿದ್ದವು. ಎರಡು ವರ್ಷ ಅರ ಹಿಡಿದ ಕೈಗೆ ಅಷ್ಟಂತೂ ಗೊತ್ತಾಗುತ್ತದೆ. ಇಂಥ ಕೀಲಿಗಳನ್ನು ಈಗ ಆನ್‌ಲೈನಿನಲ್ಲಿ ಪಿಕ್ ಸೆಟ್ಟಿನ ಜೊತೆ ಸೇರಿಸಿ ಮಾರುತ್ತಾರೆ. ಕೀಲಿ ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು ಅವು ಒಳ್ಳೆಯವೇ. ಅಭ್ಯಾಸಕ್ಕೆ ಬಾರವು.

ಆದರೆ ನನ್ನನ್ನು ಅಲ್ಲಿಂದ ಎಬ್ಬಿಸಿದ್ದು ಆ ಆಟಿಕೆಯಲ್ಲ. ಅಡ್ಮಿಷನ್ ಫಾರ್ಮಿನಲ್ಲಿ ಹೆಸರು, ಫೀ ಎಷ್ಟು ಕಟ್ಟಿದೆ, ಬೇಸಿಕ್ಕೋ ಅಡ್ವಾನ್ಸೋ ಎಂಬ ಮೂರೇ ಖಾನೆಗಳಿದ್ದವು. ಮನೆ ಎಲ್ಲಿ, ಯಾಕೆ ಕಲಿಯುತ್ತೀ, ಯಾರು ಗೊತ್ತು ಎಂದು ಯಾರೂ ಕೇಳಲಿಲ್ಲ. ಪರರ ಮನೆಯ ಬಾಗಿಲು ತೆಗೆಯುವ ವಿದ್ಯೆಯನ್ನು ಟೈಪಿಂಗ್ ಕಲಿಸುವವರಿಗಿಂತ ಕಡಿಮೆ ವಿಚಾರಣೆಯಲ್ಲಿ ಕೊಡುತ್ತಿದ್ದರು. ಟೈಪಿಂಗಿಗಾದರೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೇಳುತ್ತಿದ್ದರು! ಜೊತೆಗೆ, ತಿಜೋರಿಯ 'ಸೀಕ್ರೆಟ್' ಬೇಕಾದರೆ ಅಡ್ವಾನ್ಸ್ ಕೋರ್ಸಿಗೆ ಇನ್ನಷ್ಟು ದುಡ್ಡು. ಯೋಚಿಸಿ ಹೇಳುತ್ತೇನೆಂದು ಕೆಳಗಿಳಿದೆ.

ಊರಿಗೆ ಬಂದವನು ಹೋದದ್ದು ಅಣ್ಣ ಆಡಿಕೊಂಡ ಛತ್ರಿಯ ಕಡೆಗೇ. ಬಸ್ ಸ್ಟ್ಯಾಂಡಿನ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ ಒಬ್ಬ ಹಿರಿಯರಿದ್ದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು, ನಾನು ಮುಂದೆ ಚಾಚಾ ಅಂದೆ. ಕೆಲಸ ಕಲಿಸಿ ಎಂದೆ. ಅವರು ಕೈಯಲ್ಲಿದ್ದ ಕೀಲಿಯಿಂದ ಕಣ್ಣೆತ್ತಲಿಲ್ಲ.

"ಯಾರ ಮಗಾ ನೀ?"

ಹೇಳಿದೆ.

"ಕಲ್ತು ಏನ್ ಮಾಡಾಂವ?"

ಐಟಿಐ ಸರ್ಟಿಫಿಕೇಟ್ ತೋರಿಸಿದೆ. ಅದನ್ನು ಮುಟ್ಟಲೂ ಇಲ್ಲ. "ಇದು ನಿನಗ ಕಾನಸ್ ಹಿಡಿಯಾಕ ಬರತೈತಿ ಅಂತ ಹೇಳತೈತಿ. ನೀ ಎಂಥಾಂವ ಅಂತ ಹೇಳೂದಿಲ್ಲ. ನಿಮ್ಮ ಓಣ್ಯಾಗಿನ ಇಬ್ಬರು ಹಿರಿಯಾರ್ನ ಕರ್ಕೊಂಡ್ ಬಾ. ನಿಮ್ಮವ್ವನ್ನೂ ಕರ್ಕೊಂಡ್ ಬಾ."

ಅವಮಾನವಾಯಿತೆಂದೇ ಅನ್ನಿಸಿತು. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಆದರೂ ಅವ್ವನನ್ನು, ಕಿರಾಣಿ ಅಂಗಡಿಯವರನ್ನು, ನನ್ನ ಹಳೆಯ ಮಾಸ್ತರರನ್ನು ಕರೆದೊಯ್ದೆ. ಫುಟ್‌ಪಾತಿನ ಮೇಲೆ ನಿಂತೇ ಮಾತುಕತೆ. ಅವರೆಲ್ಲ ಹೇಳಿ ಮುಗಿಸಿದ ಮೇಲೆ ಅವ್ವ ಸೆರಗು ಸರಿಮಾಡಿಕೊಂಡು, "ಎಲ್ಲಾ ಖರೆರೀ. ನೀವು ಯಾರ ಮಗಾ? ಹುಡುಗನ್ನ ನಿಮ್ಮ ಕೈಯಾಗ ಕೊಡಾಕತ್ತೀವಿ, ನಮಗೂ ಗೊತ್ತಾಗಬೇಕಲ್ರೀ" ಎಂದಳು. ಚಾಚಾ ಜೋರಾಗಿ ನಕ್ಕರು. ತಮ್ಮ ತಂದೆ ರೇಲ್ವೆ ವರ್ಕ್‌ಶಾಪಿನಲ್ಲಿ ಕಮ್ಮಾರರಾಗಿದ್ದದ್ದು, ತಾವು ಯಾವ ಓಣಿಯಲ್ಲಿದ್ದೇವೆ, ಮಕ್ಕಳೆಷ್ಟು ಎಲ್ಲ ಹೇಳಿದರು. ಈ ಕಸುಬಿನಲ್ಲಿ ನಾನು ಕಂಡ ಸರಿಯಾದ ಅಡ್ಮಿಷನ್ ಅದೊಂದೇ. ಎರಡೂ ಕಡೆಯವರು ಫಾರ್ಮ್ ತುಂಬಿದರು.

ಸೇರಿಸಿಕೊಳ್ಳುವಾಗ ಅಷ್ಟು ಬಿಗಿಯಾಗಿದ್ದವರು ಕಲಿಸುವಾಗ ಏನನ್ನೂ ಮುಚ್ಚಿಡಲಿಲ್ಲ. ಮೊದಲು ಕೆಲವು ತಿಂಗಳು ಹಾಳಾದ ಕೀಲಿಗಳನ್ನು ಬಿಚ್ಚುವುದು, ಜೋಡಿಸುವುದು. ನಂತರ ಬ್ಲ್ಯಾಂಕ್ ಉಜ್ಜುವುದು. ಕೀಲಿಕೈ ಕಳೆದುಹೋದ ಲಿವರ್ ಕೀಲಿಗೆ ಅವರು ಹೊಸ ಕೈ ಮಾಡುತ್ತಿದ್ದ ರೀತಿ ಹೀಗೆ: ಖಾಲಿ ಬ್ಲ್ಯಾಂಕನ್ನು ಮೇಣದಬತ್ತಿಯ ಉರಿಗೆ ಹಿಡಿದು ಮಸಿ ಹಿಡಿಸುವರು. ಕೀಲಿಯೊಳಗೆ ಹಾಕಿ ತಿರುಗಿಸಲು ನೋಡುವರು. ಹೊರಗೆ ತೆಗೆದರೆ ಒಳಗಿನ ಲಿವರು ತಾಗಿದ ಕಡೆ ಮಸಿ ಅಳಿಸಿ ಗುರುತು ಬಿದ್ದಿರುತ್ತದೆ. ಅಲ್ಲಿ ಮಾತ್ರ ಅರ. ಮತ್ತೆ ಮಸಿ, ಮತ್ತೆ ತಿರುಗಿಸುವುದು, ಮತ್ತೆ ಅರ. ಗುರುತು ಬೀಳುವುದು ನಿಂತ ಕಡೆ ಕೈ ನಿಲ್ಲಬೇಕು. ಒಂದು ಎಳೆ ಹೆಚ್ಚು ಉಜ್ಜಿದರೆ ಬ್ಲ್ಯಾಂಕ್ ಕಸಕ್ಕೆ. ಇದಕ್ಕೆ ಬೇಕಾದ ಸಾಮಾನೆಂದರೆ ಒಂದು ತ್ರಿಕೋನ ಅರ, ಒಂದು ಚಪ್ಪಟೆ ಅರ, ಮೇಣದಬತ್ತಿ, ಇಕ್ಕಳ. ಕಲಿಯಲು ಬೇಕಾದ ಸಮಯ ಮಾತ್ರ ಯಾವ ಜಾಹೀರಾತಿನಲ್ಲೂ ಹಿಡಿಸುವುದಿಲ್ಲ. ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಇಲ್ಲಿ ಲಿವರ್ ಬಿಗಿ ಹಿಡಿದಿದೆ, ಇಲ್ಲಿ ಬಿಟ್ಟಿದೆ ಎಂಬ ಅರಿವು ಬರುವವರೆಗೆ ಕೂತಿರಬೇಕು. ನನಗೆ ಅದು ಒಂದು ಮಳೆಗಾಲ ಕಳೆದ ಮೇಲೆ ಬಂತು. ಅಷ್ಟು ದಿನ ಚಾಚಾ ಒಮ್ಮೆಯೂ ಅವಸರ ಮಾಡಲಿಲ್ಲ, ಸಂಬಳವನ್ನೂ ಕೊಡಲಿಲ್ಲ. ಮಧ್ಯಾಹ್ನದ ಊಟ ಮತ್ತು ಚಹಾ ಅವರದು.

ಕಳ್ಳರಿಗೆ ಕಲಿಸಿದ ಹಾಗಾಗುವುದಿಲ್ಲವೇ ಎಂದು ಜನ ಕೇಳುತ್ತಾರೆ. ಹಳೆಯ ಪ್ರಶ್ನೆ ಅದು. ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ 1784ರಲ್ಲಿ ಒಂದು ಕೀಲಿಗೆ ಪೇಟೆಂಟ್ ಪಡೆದ. ಮುಂದೆ ಅವನ ಅಂಗಡಿಯ ಕಿಟಕಿಯಲ್ಲಿ, ಇದನ್ನು ತೆಗೆಯುವ ಸಾಧನ ಮಾಡಿದವರಿಗೆ ಇನ್ನೂರು ಗಿನಿ ಎಂಬ ಸವಾಲಿನೊಂದಿಗೆ ಅಂಥದ್ದೊಂದು ಕೀಲಿ ದಶಕಗಳ ಕಾಲ ಕೂತಿತ್ತು. 1851ರ ಮಹಾ ವಸ್ತುಪ್ರದರ್ಶನಕ್ಕೆ ಬಂದ ಅಮೆರಿಕದ ಎ. ಸಿ. ಹಾಬ್ಸ್ 16 ದಿನಗಳಲ್ಲಿ ಹರಡಿಕೊಂಡ 51 ಗಂಟೆಗಳ ಕೆಲಸದಲ್ಲಿ ಅದನ್ನು ತೆಗೆದ. ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಗದ್ದಲವೋ ಗದ್ದಲ. ಇಂಥದ್ದನ್ನು ಬಹಿರಂಗ ಮಾಡಬಹುದೇ ಎಂಬ ಚರ್ಚೆಗೆ ಹಾಬ್ಸ್ ಕಡೆಯವರ ಉತ್ತರ ಸರಳವಾಗಿತ್ತು: ಕಳ್ಳರಿಗೆ ಇದು ಆಗಲೇ ಗೊತ್ತು, ಗೊತ್ತಿಲ್ಲದಿರುವುದು ಕೀಲಿ ಕೊಳ್ಳುವವರಿಗೆ. ನಾನು ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಗುಟ್ಟು ಮುಚ್ಚಿಡುವುದರಿಂದ ಕಸುಬು ಉಳಿಯುವುದಿಲ್ಲ. ಅದನ್ನು ಯಾರ ಕೈಗೆ, ಯಾವ ನಡತೆಯೊಂದಿಗೆ ಕೊಡುತ್ತೇವೆ ಎಂಬುದರಿಂದ ಉಳಿಯುತ್ತದೆ. ಫ್ರಾನ್ಸಿನ ಹದಿನಾರನೆಯ ಲೂಯಿಗೆ ಕೀಲಿ ಮಾಡುವ ಹುಚ್ಚಿತ್ತು. ಅರಮನೆಯ ಕೀಲಿಗಾರ ಗಾಮ್ಯಾಂ ಅವನಿಗೆ ಗುರು. ಕ್ರಾಂತಿಯ ಗಲಾಟೆಯಲ್ಲಿ ರಾಜ ತನ್ನ ಗುಟ್ಟಿನ ಕಾಗದಗಳಿಗೆಂದು ಗೋಡೆಯೊಳಗೆ ಕಬ್ಬಿಣದ ಕಪಾಟು ಮಾಡಿಸಿದ್ದೂ ಅದೇ ಗುರುವಿನಿಂದ. 1792ರ ನವೆಂಬರಿನಲ್ಲಿ ಆ ಗುರುವೇ ಹೋಗಿ ಹೊಸ ಸರ್ಕಾರದ ಮಂತ್ರಿಗೆ ಜಾಗ ತೋರಿಸಿಕೊಟ್ಟ. ಆ ಕಾಗದಗಳು ವಿಚಾರಣೆಯಲ್ಲಿ ರಾಜನ ವಿರುದ್ಧ ಸಾಕ್ಷಿಯಾದವು. 1793ರ ಜನವರಿ 21ಕ್ಕೆ ತಲೆ ಹೋಯಿತು. ರಾಜನ ಬಗ್ಗೆ ನನಗೇನೂ ಕನಿಕರವಿಲ್ಲ. ಆದರೆ ಅವನ ಕಡೆಯಿಂದ ಅವ್ವನಂಥವರು ಯಾರೂ ಗುರುವಿನ ವಿಚಾರಣೆ ಮಾಡಿರಲಿಲ್ಲ ಅನ್ನಿಸುತ್ತದೆ.

ಚಾಚಾ ಕಲಿಸಿದ್ದರಲ್ಲಿ ಅರ್ಧ ಪಾಠ ಕೀಲಿ ತೆಗೆಯದಿರುವುದರದು. ಒಂದು ಉದ್ದನೆಯ ನೋಟುಬುಕ್ ಇತ್ತು. ಯಾರ ಮನೆಗೆ ಹೋದರೂ ಹೆಸರು, ವಿಳಾಸ, ಸಹಿ, ಪಕ್ಕದ ಮನೆಯವರೊಬ್ಬರ ಸಹಿ. ಇದನ್ನು ಅವರಿಗೆ ಯಾವ ಕಾನೂನೂ ಹೇಳಿರಲಿಲ್ಲ. ಒಮ್ಮೆ ಒಬ್ಬ ಯಜಮಾನರು ಬಂದರು. ಬಾಡಿಗೆಯವನು ಮೂರು ತಿಂಗಳ ಬಾಡಿಗೆ ಕೊಡದೆ ಕೀಲಿ ಹಾಕಿ ಊರಿಗೆ ಹೋಗಿದ್ದಾನೆ, ತೆಗೆದುಕೊಡಿ ಎಂದರು. ಕೈಯಲ್ಲಿ ಮನೆಯ ಕಾಗದಪತ್ರ, ಕೂಲಿಯೂ ಎರಡು ಪಟ್ಟು. ಚಾಚಾ ಕಾಗದ ನೋಡಿ ಮಡಚಿ ವಾಪಸು ಕೊಟ್ಟರು. "ಮನಿ ನಿಮ್ದ ಇರಬಹುದ್ರೀ, ಕೀಲಿ ಅವರದೈತಿ. ಪೊಲೀಸ್ರನ್ನ ಕರ್ಕೊಂಡ್ ಬರ್ರಿ, ಪುಕ್ಕಟ ತಗದ್ ಕೊಡ್ತೀನಿ." ಅವರು ಬೈದುಕೊಂಡು ಹೋದರು, ಮುಂದಿನ ಛತ್ರಿಯವನ ಹತ್ತಿರ ಹೋದರೇನೋ. ಗಂಡ ತೀರಿಕೊಂಡ ಮೇಲೆ ಮೈದುನ ಮನೆಗೆ ಕೀಲಿ ಜಡಿದನೆಂದು ಅಳುತ್ತ ಬಂದ ಹೆಣ್ಣುಮಗಳಿಗೂ ಚಾಚಾ ಅದೇ ಉತ್ತರ ಕೊಟ್ಟರು. ಆದರೆ ಆ ದಿನ ಛತ್ರಿ ಮಡಚಿ ಅವಳ ಜೊತೆ ಠಾಣೆಗೆ ತಾವೇ ನಡೆದರು, ಕಾನ್‌ಸ್ಟೇಬಲ್ ಬಂದ ಮೇಲೆ ತಾವೇ ಕೀಲಿ ತೆಗೆದರು.

ಬಹಳ ವರ್ಷಗಳ ನಂತರ ಗಿರಾಕಿಯಾಗಿ ಬಂದ ವಕೀಲರೊಬ್ಬರು ಭಾರತೀಯ ದಂಡ ಸಂಹಿತೆಯ 445ನೇ ಕಲಮನ್ನು ತೆಗೆದು ನನಗೆ ಓದಿ ಹೇಳಿದರು. ಮನೆಗೆ ಕನ್ನ ಹಾಕುವುದೆಂದರೇನು ಎಂಬ ವ್ಯಾಖ್ಯೆ ಅದು. ಗೋಡೆ ಕೊರೆಯುವುದಷ್ಟೇ ಕನ್ನವಲ್ಲ. ಅಕ್ರಮ ಪ್ರವೇಶಕ್ಕಾಗಿ ಯಾವುದೇ ಕೀಲಿ ತೆಗೆದು ಒಳನುಗ್ಗಿದರೂ ಕನ್ನವೇ. ಯಾರೋ ಕಳೆದುಕೊಂಡ ಕೀಲಿಕೈ ಸಿಕ್ಕಿ, ಅದರಿಂದ ಅವರ ಬಾಗಿಲು ತೆಗೆದು ಹೋದವನ ಉದಾಹರಣೆಯೂ ಅಲ್ಲಿದೆ. ಬಾಗಿಲಿನ ತೂತಿನಲ್ಲಿ ತಂತಿ ತೂರಿಸಿ ಚಿಲಕ ಎತ್ತಿದವನದೂ ಇದೆ. 1860ರ ಕಾನೂನು ಅದು. 2024ರ ಜುಲೈಯಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಮ್ಮ ದೇಶದಲ್ಲಿ ಕೀಲಿ ತೆಗೆಯುವ ಅಪರಾಧಕ್ಕೆ ಇಷ್ಟು ಬಿಡಿಸಿ ಬರೆದ ಕಾನೂನಿದೆ, ಕೀಲಿ ತೆಗೆಯುವ ಕಸುಬಿಗೆ ಲೈಸೆನ್ಸ್ ಇಲ್ಲ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ, ಟೆಕ್ಸಾಸಿನಂಥ ಕೆಲವು ರಾಜ್ಯಗಳು ಲೈಸೆನ್ಸ್ ಕೇಳುತ್ತವೆ. ಬ್ರಿಟನ್ನಿನಲ್ಲೂ ಸರ್ಕಾರ ಕೇಳುವುದಿಲ್ಲ. 1958ರಲ್ಲಿ ಹುಟ್ಟಿದ ಮಾಸ್ಟರ್ ಲಾಕ್‌ಸ್ಮಿತ್ಸ್ ಅಸೋಸಿಯೇಷನ್ ತನ್ನ ಸದಸ್ಯರನ್ನು ತಾನೇ ಪರೀಕ್ಷಿಸಿ ಸೇರಿಸಿಕೊಳ್ಳುತ್ತದೆ. ನಮ್ಮಲ್ಲಿ ಆ ಕೆಲಸ ಕಲಿಸುವವನ ತಲೆಯ ಮೇಲೆ ಬಿದ್ದಿದೆ. ಅವನು ಬೇಡವೆಂದರೆ ಕೈಬಿಡಬಹುದು, ಕೇಳುವವರಿಲ್ಲ.

ಎರಡನೆಯ ಸಲ ನಾನು ಕೋರ್ಸ್ ಹುಡುಕಿದ್ದು ಕಾರುಗಳಿಂದಾಗಿ. ಆ ಹೊತ್ತಿಗೆ ನನಗೆ ಸ್ವಂತ ಅಂಗಡಿಯಿತ್ತು, ಕೀಲಿಕೈ ಕತ್ತರಿಸುವ ಯಂತ್ರವಿತ್ತು. ಗಿರಾಕಿಯೊಬ್ಬರ ಕಾರಿಗೆ ಕೈ ಮಾಡಿಕೊಟ್ಟೆ. ಬಾಗಿಲು ತೆರೆಯಿತು, ಸ್ವಿಚ್ ತಿರುಗಿತು, ಎಂಜಿನ್ ಮಾತ್ರ ಒಲ್ಲೆ ಎಂದಿತು. ಕೀಲಿಕೈಯ ತಲೆಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ ಇರುತ್ತದೆ. ಸ್ವಿಚ್ಚಿನ ಸುತ್ತಲಿನ ಸುರುಳಿ ಅದನ್ನು ಮಾತಾಡಿಸುತ್ತದೆ, ಉತ್ತರ ತಪ್ಪಿದರೆ ಎಂಜಿನ್ ಚಾಲೂ ಆಗದು. ಇದಕ್ಕೆ ಅರ ಉಪಯೋಗವಿಲ್ಲ. ಕಾರಿನ ಓಬಿಡಿ ಪೋರ್ಟಿಗೆ ಯಂತ್ರ ಜೋಡಿಸಿ, ಪಿನ್ ಕೋಡ್ ಕೊಟ್ಟು ಹೊಸ ಚಿಪ್ಪನ್ನು ಪರಿಚಯಿಸಬೇಕು. ಉತ್ತರ ಭಾರತದಲ್ಲಿ ಇದನ್ನು ಕಲಿಸುವ ಎರಡು ಕಡೆಗೆ ಫೋನು ಮಾಡಿದೆ. ಒಂದು ಕಡೆ ಬ್ಯಾಂಕ್ ಅಕೌಂಟ್ ನಂಬರ್ ಕೊಟ್ಟರು. ಇನ್ನೊಂದು ಕಡೆಯವನು ಅಂಗಡಿಯ ಲೈಸೆನ್ಸ್ ಪ್ರತಿ, ಗುರುತಿನ ಚೀಟಿ, ಅಂಗಡಿ ಮುಂದೆ ನಿಂತ ಫೋಟೋ ಕೇಳಿದ. ಕಾರಿನ ಆರ್‌ಸಿ ನೋಡದೆ ಕೆಲಸ ಮಾಡುತ್ತೀರಾ ಎಂದು ಗದರಿಸಿಯೇ ಕೇಳಿದ. ನಾನು ಅವನಲ್ಲಿಗೆ ರೈಲು ಹತ್ತಿದೆ.

ಅದು ಚಿಕ್ಕ ಕೋರ್ಸು, ಅಷ್ಟೇ ಸಾಕಿತ್ತು. ಕೈಗೆ ಕಲಿಸಬೇಕಾದದ್ದು ಕಡಿಮೆ, ಕ್ರಮ ತಿಳಿದರಾಯಿತು. ಅವಸರದ ಕೋರ್ಸುಗಳನ್ನು ನಾನು ಸಾರಾಸಗಟಾಗಿ ಹಳಿಯುವುದಿಲ್ಲ. ಆಗಲೇ ಕಸುಬು ಬಲ್ಲವನಿಗೆ ಹೊಸ ಯಂತ್ರ ತೋರಿಸಲು ಅವು ತಕ್ಕವು. ಅಲ್ಲಿನ ಮೇಷ್ಟ್ರು ಇನ್ನೊಂದು ಉಪಕಾರ ಮಾಡಿದರು. ಯಂತ್ರದ ಬೆಲೆ ಹೇಳಿ ಸುಮ್ಮನಾಗದೆ, ವರ್ಷವರ್ಷ ಕಟ್ಟಬೇಕಾದ ಅಪ್‌ಡೇಟಿನ ದುಡ್ಡು, ಯಾವ ಕಂಪನಿಯ ಯಾವ ಮಾಡೆಲು ಆ ಯಂತ್ರಕ್ಕೆ ದಕ್ಕುವುದಿಲ್ಲ, ಯಾವ ಕಾರನ್ನು ಶೋರೂಮಿಗೇ ಕಳಿಸಬೇಕು ಎಂಬುದನ್ನೂ ಬರೆಸಿದರು. ಫೀ ಹೇಳಿ ಈ ಖರ್ಚು ಹೇಳದವರು ಬಹಳ. ಅಂಥಲ್ಲಿ ಕಲಿತು, ಸಾಲ ಮಾಡಿ ಯಂತ್ರ ತಂದು, ಅಪ್‌ಡೇಟಿಗೆ ದುಡ್ಡಿಲ್ಲದೆ ಅದನ್ನು ಅರ್ಧ ಬೆಲೆಗೆ ಮಾರಿದವರನ್ನು ಬಲ್ಲೆ.

ಈಗ ಹುಡುಗರು ಮೊಬೈಲಿನಲ್ಲಿ ವಿಡಿಯೋ ತೋರಿಸಿ, ಈ ಕೋರ್ಸ್ ಹೆಂಗ್ರೀ ಎಂದು ಕೇಳುತ್ತಾರೆ. ಸರ್ಟಿಫಿಕೇಟ್ ಸಿಗುತ್ತದೆಯೇ ಎಂಬುದು ಅವರ ಮೊದಲ ಪ್ರಶ್ನೆ. ಮೂವತ್ತು ವರ್ಷಗಳ ಹತ್ತಿರ ಈ ಕೆಲಸದಲ್ಲಿ ನನ್ನ ಸರ್ಟಿಫಿಕೇಟ್ ಕೇಳಿದ ಗಿರಾಕಿ ಒಬ್ಬರೂ ಇಲ್ಲ. ಬ್ಯಾಂಕುಗಳು ಕೇಳಬಹುದೇನೋ, ಆದರೆ ಲಾಕರಿನ ಕೀಲಿಕೈ ಕಳೆದಾಗ ಅವರು ಕರೆಸುವುದು ಲಾಕರ್ ಮಾಡಿದ ಕಂಪನಿಯ ಮೆಕ್ಯಾನಿಕ್ಕನ್ನು; ಗಿರಾಕಿ ಮತ್ತು ಬ್ಯಾಂಕಿನ ಅಧಿಕಾರಿಯ ಎದುರಿಗೇ ಅದನ್ನು ಒಡೆಯಬೇಕು. ನಮ್ಮಂಥವರಿಗೆ ಬರುವ ಕೆಲಸ ಬಾಗಿಲು, ಕಪಾಟು, ಸ್ಕೂಟರು, ಕಾರು. ಅಲ್ಲಿ ಜನ ನೋಡುವುದು ಅಂಗಡಿ ಎಷ್ಟು ವರ್ಷದಿಂದ ಅಲ್ಲೇ ಇದೆ ಎಂದು.

ಫೀ ಕಟ್ಟುವ ಮೊದಲು ಆ ಕ್ಲಾಸಿನಲ್ಲಿ ಹಿಂದೆ ಕಲಿತವರ ಅಂಗಡಿ ಎಲ್ಲಿದೆ ಎಂದು ಕೇಳಿ, ಹೋಗಿ ನೋಡಿ ಬನ್ನಿ. ಅಂಗಡಿ ತೋರಿಸಲಾರದ ಕ್ಲಾಸು ಬೇಡ. ಹಾಳಾದ ಕೀಲಿಗಳ ರಾಶಿ ಇಲ್ಲದ ಕ್ಲಾಸೂ ಬೇಡ. ಹೊಸ ಕೀಲಿಯಿಂದ ರಿಪೇರಿ ಕಲಿಯಲಾಗದು. ದುಡ್ಡು ತಂದ ಯಾರನ್ನಾದರೂ ನೀವು ವಾಪಸು ಕಳಿಸಿದ್ದೀರಾ ಎಂದು ಕಲಿಸುವವರನ್ನೇ ಕೇಳಿ. ಇಲ್ಲ ಎಂದರೆ ನೀವೂ ವಾಪಸು ಬನ್ನಿ. ನನ್ನ ಹತ್ತಿರ ಸದ್ಯ ಇಬ್ಬರು ಕಲಿಯುತ್ತಿದ್ದಾರೆ, ಅವರಲ್ಲಿ ಒಬ್ಬಳು ಹೆಣ್ಣುಮಗಳು. ಮುಂದಿನ ಜೂನಿನಲ್ಲಿ ಇನ್ನೊಬ್ಬರಿಗೆ ಜಾಗವಿದೆ. ಕಲಿಯುವ ಮನಸ್ಸಿದ್ದವರು ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಬರಲಿ, ಅವರು ನನ್ನನ್ನೂ ವಿಚಾರಿಸಲಿ.